ಚೀಲದಲ್ಲಿ ಹೋದ ಜೆಸಿಬಿ: ಮಕ್ಕಳ ಆಟದ ಸಾಮಾನು ಎಷ್ಟಿರಬೇಕು, ಎಲ್ಲಿರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕಾರವಾರದ ಕೋಡಿಬಾಗದವರು. ಮಗನಿಗೆ ಆರು ವರ್ಷ, ಮಗಳಿಗೆ ಎರಡೂವರೆ. ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೇನೆ. ಯಜಮಾನರು ಗೋವಾದಲ್ಲಿ, ಶನಿವಾರ ಸಂಜೆ ಮನೆಗೆ ಬರುತ್ತಾರೆ, ಬರುವಾಗ ಕೈಯಲ್ಲಿ ಏನಾದರೊಂದು ಆಟದ ಸಾಮಾನು ಇದ್ದೇ ಇರುತ್ತದೆ. ಎರಡು ಕೋಣೆಯ ಮನೆ, ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಮೂರು ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದೆ, ಹದಿನೈದು ದಿನಕ್ಕೆ ಮೊದಲಿನ ಹಾಗೇ ಆಯಿತು. ಅತ್ತೆ ಯಾವುದನ್ನೂ ಬಿಸಾಡಲು ಬಿಡುವುದಿಲ್ಲ, "ಇರಲಿ, ಬೇಕಾಗ್ತದೆ" ಅನ್ನುತ್ತಾರೆ. ಹೋದ ತಿಂಗಳು ತಲೆಕೆಟ್ಟು, ಮಗ ಶಾಲೆಗೆ ಹೋದಾಗ ಒಂದು ಗೋಣಿಚೀಲ ತುಂಬಿಸಿ ಕಸದ ಗಾಡಿಗೆ ಹಾಕಿದೆ. ಅದರಲ್ಲಿ ಒಂದು ಚಕ್ರ ಹೋದ ಜೆಸಿಬಿ ಇತ್ತು. ಮೂರನೇ ದಿನ ಕೇಳಿದ. ಎರಡು ದಿನ ಅತ್ತ. ಈಗ ಚಾಕಲೇಟ್ ಕಾಗದವನ್ನೂ ತೆಗೆಯಲು ಬಿಡುವುದಿಲ್ಲ, ದಿಂಬಿನ ಕೆಳಗೆ ಅಡಗಿಸಿಡುತ್ತಾನೆ. ಮಗಳಿಗೆ ಒಂದು ಕರಡಿ ಗೊಂಬೆ ಇಲ್ಲದೆ ನಿದ್ದೆ ಬರುವುದಿಲ್ಲ. ಅದಕ್ಕೆ ಬೂಸ್ಟಿನ ವಾಸನೆ, ಅವಳಿಗೆ ಬೆಳಗಾದರೆ ಸೀನು. ಚೌತಿಗೆ ಇನ್ನು ಮೂರೇ ವಾರ, ಮುಂಬಯಿಯಿಂದ ನೆಂಟರು ಬರುತ್ತಾರೆ. ನಾನು ಮಾಡಿದ್ದರಿಂದ ಮಗನ ಮನಸ್ಸಿಗೆ ಪೆಟ್ಟಾಗಿದೆಯೇ? ಎಷ್ಟು ಸಾಮಾನು ಇಡಬೇಕು? ಉಳಿದದ್ದನ್ನು ಏನು ಮಾಡಬೇಕು? ಇನ್ನೊಂದು: ಅವನು ದಿನಾ ಹಾಲ್‌ನಲ್ಲಿ ಬ್ಲಾಕ್‌ಗಳಿಂದ ಸೇತುವೆ ಕಟ್ಟಿ ಬೀಳಿಸುತ್ತಾನೆ. ರಾತ್ರಿ ಅದನ್ನು ಬಿಚ್ಚಿಸಲೇಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಹಾಲ್‌ನ ಜಾಗದ ಪ್ರಶ್ನೆ ಅನ್ನಿಸಿತು. ಎರಡನೇ ಸಲ ಜೆಸಿಬಿ ಹತ್ತಿರ ನಿಂತುಬಿಟ್ಟೆ. ಜಾಗ ಹೇಗಾದರೂ ಮಾಡಿಕೊಳ್ಳಬಹುದು, ಅದನ್ನು ಆಮೇಲೆ ನೋಡೋಣ.

ನಿಮ್ಮ ಮನೆ ಕೋಡಿಬಾಗದಲ್ಲಿ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದದ್ದು, ಚಾಲಕ ಬದುಕಿ ಬಂದದ್ದು, ಆಮೇಲೆ ಲಾರಿಯನ್ನು ಮೇಲೆತ್ತಿದ್ದು, ಇದೆಲ್ಲ ನಿಮ್ಮ ಕೇರಿಯಲ್ಲಿ ಎಷ್ಟು ದಿನ ಮಾತಾಗಿರಬೇಕು! ಆಗ ನಿಮ್ಮ ಮಗ ಇನ್ನೂ ಚಿಕ್ಕವ. ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚಿದ್ದೀತು. ದಿನಾ ಸೇತುವೆ ಕಟ್ಟಿ ಬೀಳಿಸುವ ಹುಡುಗನಿಗೆ, ಬಿದ್ದ ಲಾರಿಯನ್ನು ಎತ್ತಲು ಏನಾದರೂ ಬೇಕಲ್ಲ? ಆ ಜೆಸಿಬಿಗೆ ಮೂರು ಚಕ್ರ ಇದ್ದರೂ ಅದರ ಸೊಂಡಿಲು ಸರಿಯಾಗಿತ್ತು ಅಂತ ನನ್ನ ಊಹೆ. ನಿಮ್ಮ ಕಣ್ಣಿಗೆ ಅದು ಮುರಿದ ಸಾಮಾನು. ಅವನ ಆಟದಲ್ಲಿ ಅದಕ್ಕೊಂದು ಕೆಲಸ ಇತ್ತು. ಊಹೆ ತಪ್ಪಿದ್ದರೂ ಇರಲಿ, ಅವನನ್ನೇ ಕೇಳಿ ನೋಡಿ. ಮಕ್ಕಳು ಯಾವುದನ್ನು ಬಿಡಲು ಒಪ್ಪುವುದಿಲ್ಲವೋ ಅದಕ್ಕೆ ಸಾಮಾನ್ಯವಾಗಿ ಇಂಥದೊಂದು ಕಾರಣ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಶಿರಸಿಯಲ್ಲಿ ಹದಿನೆಂಟು ವರ್ಷ ಬಾಲವಾಡಿ ನಡೆಸಿದವಳು ನಾನು. ಈಗ ಪಾಲಕರ ಜೊತೆ ಕೂತು ಮಾತಾಡುವುದೇ ಕೆಲಸ. ಒಬ್ಬ ಹುಡುಗ ದಿನಾ ಚಡ್ಡಿ ಜೇಬಿನಲ್ಲಿ ಕುಕ್ಕರಿನ ಹಳೇ ಗ್ಯಾಸ್ಕೆಟ್ ಮಡಿಸಿಟ್ಟುಕೊಂಡು ಬರುತ್ತಿದ್ದ. ತಾಯಿಗೆ ನಾಚಿಕೆ. ಕಸಿದುಕೊಳ್ಳುವ ಮೊದಲು ಕೇಳಿದೆ, "ಇದೆಂತದೋ?" "ಬಸ್ಸಿನ ಸ್ಟಿಯರಿಂಗು" ಅಂದ. ಅವನಪ್ಪ ಹುಬ್ಬಳ್ಳಿ ದಾರಿಯ ಬಸ್ಸಿನ ಡ್ರೈವರ್. ಹಾಗಂತ ನಾನೇನೂ ಜಾಣೆಯಲ್ಲ. ನನ್ನ ಮಗಳ ಬಟ್ಟೆ ಗೊಂಬೆಯೊಂದನ್ನು ಹೊಲಿಗೆ ಬಿಚ್ಚಿತು ಅಂತ ಬಚ್ಚಲೊಲೆಗೆ ಹಾಕಿದವಳು ನಾನೇ. ಅವಳಿಗೀಗ ಇಪ್ಪತ್ತೊಂಬತ್ತು. ಮೊನ್ನೆ ಫೋನಿನಲ್ಲಿ ಬೇರೇನೋ ಮಾತಾಡುತ್ತ "ನೀನು ಬಿಡು, ಗೊಂಬೆ ಸುಟ್ಟವಳು" ಅಂದಳು. ನಗುತ್ತಲೇ ಅಂದಳು, ಆದರೂ ನೆನಪಿದೆ ನೋಡಿ.

ಹಾಗಾದರೆ ಮಗನ ಮನಸ್ಸಿಗೆ ಪೆಟ್ಟಾಗಿದೆಯೇ? ಜನ್ಮಪೂರ್ತಿ ಉಳಿಯುವಂಥದ್ದೇನೂ ಆಗಿಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಆದರೆ ಅವನು ಒಂದು ಪಾಠ ಕಲಿತಿದ್ದಾನೆ: ಕಣ್ಣು ತಪ್ಪಿದರೆ ಸಾಮಾನು ಹೋಗುತ್ತದೆ. ಚಾಕಲೇಟ್ ಕಾಗದ ಅಡಗಿಸುವುದು ಆ ಪಾಠದ ಫಲ. ಇದನ್ನು ಹಟ, ಆಸೆಬುರುಕತನ ಅಂತ ಬೈದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಒಂದು ದಿನ ಸಮಾಧಾನದಿಂದ ಇದ್ದಾಗ ಕೂರಿಸಿಕೊಂಡು ನೇರವಾಗಿ ಹೇಳಿ: "ನಿನ್ನ ಜೆಸಿಬಿಯನ್ನು ನಿನ್ನ ಕೇಳದೇ ಕೊಟ್ಟೆ. ನಂದು ತಪ್ಪಾಯ್ತು. ಇನ್ಮೇಲೆ ಕೇಳದೇ ಕೊಡುವುದಿಲ್ಲ." ಇಷ್ಟೇ ಸಾಕು, ಉದ್ದ ಬೇಡ. "ಹೊಸದು ತಂದುಕೊಡ್ತೇನೆ" ಅಂತ ಅದೇ ಬಾಯಲ್ಲಿ ಸೇರಿಸಬೇಡಿ, ತಪ್ಪೊಪ್ಪಿಗೆ ವ್ಯಾಪಾರವಾಗಿಬಿಡುತ್ತದೆ. ಮತ್ತೆ, ಕೊಟ್ಟ ಮಾತು ನಡೆಯಬೇಕು. ಎರಡು ಮೂರು ತಿಂಗಳು ಅವನ ಒಂದು ಮೊಳೆಯನ್ನೂ ಕೇಳದೇ ತೆಗೆಯಬೇಡಿ. ದಿಂಬಿನ ಕೆಳಗಿನದು ತಾನಾಗಿ ಕರಗುತ್ತ ಬರುತ್ತದೆ.

ಈಗ ರಾಶಿಯ ವಿಷಯಕ್ಕೆ ಬರುತ್ತೇನೆ.

ಸಾಮಾನು ಹೆಚ್ಚಿದ್ದಷ್ಟೂ ಮಗು ಚುರುಕಾಗುತ್ತದೆ ಎಂಬ ನಂಬಿಕೆ ಪಾಲಕರಲ್ಲಿ ಬಹಳ. ಡಬ್ಬದ ಮೇಲೆ "ಬುದ್ಧಿ ಬೆಳೆಸುವ" ಅಂತ ಬರೆದಿದ್ದರಂತೂ ಮುಗಿಯಿತು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16ರ ನಡುವೆ ಆಡಲು ಬಿಟ್ಟು ನೋಡಿದರು. ಅದು 2018ರಲ್ಲಿ ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಕಳೆದರು, ಒಂದೇ ಸಾಮಾನನ್ನು ಹೆಚ್ಚು ಬಗೆಯಲ್ಲಿ ಆಡಿದರು. ಹದಿನಾರಿದ್ದಾಗ ಇದನ್ನು ಮುಟ್ಟು, ಅದನ್ನು ಎಸೆ, ಮುಂದಿನದಕ್ಕೆ ಓಡು. ನಿಮ್ಮ ಮಗಳ ವಯಸ್ಸು ಇದೇ. ಆದರೆ ಇದರ ಅರ್ಥವನ್ನು ಹಿಗ್ಗಿಸಬೇಡಿ. ಆ ಪರೀಕ್ಷೆಯಲ್ಲಿ ನೋಡಿದ್ದು ಆ ಹೊತ್ತಿನ ಆಟವನ್ನು ಮಾತ್ರ. ಮನೆಯಲ್ಲಿ ಹದಿನಾರು ಆಟಿಕೆ ಇದ್ದ ಮಕ್ಕಳು ದಡ್ಡರಾಗುತ್ತಾರೆ ಅಂತ ಯಾರೂ ಹೇಳಿಲ್ಲ.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದು ಮಾತು. ಮಗುವಿಗೆ ತೊಂದರೆ ಕೊಡುವುದು ಅದರ ಕಣ್ಣೆದುರು ಎಷ್ಟಿದೆ ಎಂಬುದು. ಮನೆಯಲ್ಲಿ ಒಟ್ಟು ಎಷ್ಟಿದೆ ಎಂಬುದು ನಮ್ಮ ತಲೆನೋವು, ಅದರದಲ್ಲ. ಇವೆರಡನ್ನು ಕಲಸಿಕೊಂಡಾಗಲೇ ಗೋಣಿಚೀಲ ಕೈಗೆ ಬರುವುದು. ಹಾಗಾಗಿ ಈ ಮೂರು ವಾರದಲ್ಲಿ ಏನನ್ನೂ ಬಿಸಾಡುವ ಗೋಜಿಗೇ ಹೋಗಬೇಡಿ. ಕೆಳಗಿನದನ್ನು ಮೇಲಿಡಿ, ಅಷ್ಟೇ. ಅತ್ತೆಯವರಿಗೂ ಸಮಾಧಾನ, ಮಗನಿಗೂ ಭಯವಿಲ್ಲ.

ಎಷ್ಟು ಕೆಳಗಿರಬೇಕು ಅಂತ ಕೇಳಿದ್ದೀರಿ. ಇದಕ್ಕೆ ಶಾಸ್ತ್ರದ ಲೆಕ್ಕವಿಲ್ಲ, ನನ್ನ ಬಾಲವಾಡಿಯ ಲೆಕ್ಕ ಹೇಳುತ್ತೇನೆ. ಎರಡೂವರೆಯ ಮಗಳಿಗೆ ಆರೇಳು ಸಾಕು. ಆರು ವರ್ಷದವನಿಗೆ ಹತ್ತು ಬಗೆ. ಬ್ಲಾಕ್‌ಗಳ ಒಂದು ಡಬ್ಬ, ಅದರಲ್ಲಿ ನೂರಿರಲಿ ಇನ್ನೂರಿರಲಿ, ಒಂದು ಬಗೆ. ಅಡುಗೆ ಸಾಮಾನಿನ ಬುಟ್ಟಿ ಒಂದು ಬಗೆ. ಹೀಗೆ ಎಣಿಸಿ. ಒಂದು ಪರೀಕ್ಷೆಯೂ ಇದೆ: ಮಕ್ಕಳು ತಾವೇ, ನಿಮ್ಮ ಸ್ವಲ್ಪ ಸಹಾಯದಿಂದ, ಹತ್ತು ನಿಮಿಷದಲ್ಲಿ ಎತ್ತಿಡಲು ಆಗಬೇಕು. ಆಗದಿದ್ದರೆ ಕೆಳಗಿರುವುದು ಹೆಚ್ಚಾಯಿತು ಅಂತಲೇ ತಿಳಿಯಿರಿ. ಹೆಚ್ಚಿನ ಮನೆಗಳಲ್ಲಿ "ನಮ್ಮ ಮಗ ಎತ್ತಿಡುವುದೇ ಇಲ್ಲ" ಅನ್ನುವ ದೂರಿನ ಹಿಂದೆ ಸೋಮಾರಿತನ ಇರುವುದಿಲ್ಲ. ಇನ್ನೂರು ಸಾಮಾನು ಚೆಲ್ಲಿದ ಹಾಲನ್ನು ನೋಡಿದರೆ ನಮಗೇ ಕೈಕಾಲು ಆಡುವುದಿಲ್ಲ.

ಆ ಮೂರು ದೊಡ್ಡ ಡಬ್ಬಗಳ ಬಗ್ಗೆ ಒಂದು ಮಾತು. ತಪ್ಪು ನಿಮ್ಮದಲ್ಲ, ಎಲ್ಲರೂ ಮೊದಲು ತರುವುದು ಅದನ್ನೇ. ಆದರೆ ಆಳದ ಡಬ್ಬ ಬಾವಿಯಿದ್ದ ಹಾಗೆ. ತಳದಲ್ಲಿರುವ ಒಂದು ಕಾರು ಬೇಕೆಂದರೆ ಮಗು ಏನು ಮಾಡುತ್ತದೆ? ಎರಡೂ ಕೈಯಲ್ಲಿ ಅಂಚು ಹಿಡಿದು ಇಡೀ ಡಬ್ಬವನ್ನು ಮಗುಚುತ್ತದೆ. ಕಾರು ಸಿಕ್ಕಿತು, ಉಳಿದದ್ದು ಹಾಲ್ ತುಂಬ. ಮುಚ್ಚಳ ಇದ್ದರಂತೂ ಒಳಗೇನಿದೆ ಎಂಬುದೇ ಮರೆತುಹೋಗಿ, ಶನಿವಾರ ಅಪ್ಪನಿಗೆ "ನಂಗೆ ಕಾರಿಲ್ಲ" ಅಂತ ಹೇಳುತ್ತದೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ಮೊದಲ ಶಿಶುಮನೆ ತೆರೆದ ಕಾಲದಿಂದ ಆ ಪದ್ಧತಿಯವರು ಹಿಡಿದುಕೊಂಡು ಬಂದ ಉಪಾಯ ಸರಳ: ಮಗುವಿನ ಎತ್ತರಕ್ಕೆ ನಿಲುಕುವ, ಬಾಗಿಲಿಲ್ಲದ ಕಪಾಟು, ಒಂದೊಂದು ಸಾಮಾನಿಗೂ ಒಂದೊಂದು ಜಾಗ. ಅದಕ್ಕೆ ಸಾವಿರಾರು ರೂಪಾಯಿಯ ಪೀಠೋಪಕರಣ ಬೇಕಿಲ್ಲ. ಎರಡು ಹಲಗೆ, ನಾಲ್ಕು ಇಟ್ಟಿಗೆ ಇದ್ದರೆ ಮೊಣಕಾಲೆತ್ತರದ ಕಪಾಟು ಆಯಿತು. ಮಗಳು ಹಿಡಿದು ಹತ್ತುವ ವಯಸ್ಸು, ಹಾಗಾಗಿ ಗೋಡೆಗೆ ಕ್ಲಾಂಪ್ ಹೊಡೆಸಿ ಗಟ್ಟಿ ಮಾಡಿ. ಅದರ ಮೇಲೆ ಅಂಚಿರುವ ಸ್ಟೀಲ್ ತಾಟು, ಬಿಸ್ಕತ್ತಿನ ಹಳೇ ಡಬ್ಬದ ಕೆಳಭಾಗ, ತರಕಾರಿ ತೊಳೆಯುವ ತೂತಿನ ಬುಟ್ಟಿ. ನಾಲ್ಕು ಬೆರಳಿಗಿಂತ ಆಳ ಬೇಡ. ಒಂದು ತಾಟಿಗೆ ಒಂದೇ ಬಗೆ. ಮಗಳಿಗೆ ಓದಲು ಬಾರದು, ಹಾಗಾಗಿ ತಾಟಿನ ಅಂಚಿಗೆ ಅದರಲ್ಲಿರುವ ಸಾಮಾನಿನ ಚಿತ್ರ ಅಂಟಿಸಿ. ಚಿತ್ರ ಮಗನೇ ಬಿಡಿಸಲಿ. ಅಡಿಕೆ ಹಾಳೆಯ ತಟ್ಟೆ ಚೆಂದ ಕಾಣುತ್ತದೆ ಅಂತ ನಾನೂ ಒಮ್ಮೆ ಇಟ್ಟಿದ್ದೆ. ಆಷಾಢ ಮುಗಿಯುವುದರೊಳಗೆ ಒಂದೊಂದಕ್ಕೂ ಹಸಿರು ಗಡ್ಡ ಬಂದಿತ್ತು!

ಆ ದೊಡ್ಡ ಡಬ್ಬಗಳನ್ನೂ ಎಸೆಯಬೇಡಿ, ಮೇಲಿಡಲು ಅವೇ ಬೇಕು. ನಾಗಂದಿಗೆಯ ಮೇಲೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕಿಂತ ಒಳ್ಳೆಯದು ನಮ್ಮ ಹವೆಗೆ ಇನ್ನೊಂದಿಲ್ಲ. ರಟ್ಟಿನ ಪೆಟ್ಟಿಗೆ ಬೇಡವೇ ಬೇಡ. ಅದು ತೇವ ಹೀರುತ್ತದೆ, ಒರಲೆ ಹತ್ತುತ್ತದೆ, ಜಿರಳೆ ಮೊಟ್ಟೆಯಿಡುತ್ತದೆ, ಒಮ್ಮೊಮ್ಮೆ ಕೈ ಹಾಕಿದರೆ ಚೇಳೂ ಸಿಗುತ್ತದೆ.

ವಿಂಗಡಿಸುವ ದಿನ ಹೇಗೆ? ರವಿವಾರ ಬೆಳಿಗ್ಗೆ, ತಿಂಡಿ ತಿಂದಾದ ಮೇಲೆ, ಯಜಮಾನರೂ ಮನೆಯಲ್ಲಿದ್ದಾಗ. ನೆಲಕ್ಕೆ ಒಂದು ಹಳೇ ಚಾದರ ಹಾಸಿ. ಎಲ್ಲವನ್ನೂ ಒಮ್ಮೆಗೇ ಸುರಿಯಬೇಡಿ. ಇವತ್ತು ಗಾಡಿಗಳು ಮಾತ್ರ. ಅರ್ಧ ಗಂಟೆ ಸಾಕು, ಬೇಸರ ಬರುವ ಮೊದಲೇ ನಿಲ್ಲಿಸಿ. ಇಲ್ಲಿ ಕೇಳುವ ಮಾತೇ ಎಲ್ಲ. "ಯಾವುದು ಬೇಡ?" ಅಂತ ಕೇಳಿದರೆ ನಿಮ್ಮ ಮಗ ಈಗಿನ ಸ್ಥಿತಿಯಲ್ಲಿ "ಎಲ್ಲಾ ಬೇಕು" ಅನ್ನುತ್ತಾನೆ. "ಈ ತಾಟಿನಲ್ಲಿ ಎಂಟು ಗಾಡಿ ಹಿಡೀತದೆ, ಯಾವ ಎಂಟು ಇಡೋಣ?" ಅಂತ ಕೇಳಿ. ಆರಿಸುವುದು ಅವನಿಗೆ ಖುಷಿ. ಉಳಿದವನ್ನು ಅವನ ಕೈಯಿಂದಲೇ ಡಬ್ಬಕ್ಕೆ ಹಾಕಿಸಿ, ಮುಚ್ಚಳದ ಮೇಲೆ ಅವನ ಹೆಸರು ಬರೆಸಿ, ಅಪ್ಪ ಅವನೆದುರೇ ನಾಗಂದಿಗೆಗೆ ಏರಿಸಲಿ. ಕೇಳಿದಾಗ ಇಳಿಸಿಕೊಡಬೇಕು, ಬದಲಿಗೆ ಒಂದನ್ನು ಮೇಲೆ ಕಳಿಸಬೇಕು. ಮೊದಲ ವಾರ ನಾಲ್ಕು ಸಲ ಇಳಿಸಿ ಅನ್ನಬಹುದು, ನಿಜವಾಗಿ ಇದೆಯೋ ಅಂತ ಪರೀಕ್ಷೆ. ಗೊಣಗದೆ ಇಳಿಸಿ.

ಎರಡೂವರೆಯ ಮಗಳನ್ನು ಹೀಗೆ ಕೇಳಿ ಉಪಯೋಗವಿಲ್ಲ. ಎರಡು ತೋರಿಸಿ "ಇದೋ, ಅದೋ?" ಅಂದರೆ ಅವಳಿಗೆ ಸಾಕು. ಅವಳ ಉಳಿದ ಸಾಮಾನನ್ನು ನೀವೇ ತೆಗೆದಿಟ್ಟು ಎರಡು ಮೂರು ವಾರಕ್ಕೊಮ್ಮೆ ಬದಲಾಯಿಸುತ್ತ ಬನ್ನಿ. ಮೇಲಿಂದ ಇಳಿದದ್ದನ್ನು ಹೊಸದರ ಹಾಗೆ ಆಡುತ್ತಾಳೆ.

ಬೇರೆ ದಾರಿಗಳನ್ನೂ ನೀವು ಕೇಳಿರುತ್ತೀರಿ. ಗುಟ್ಟಾಗಿ ಮೇಲಿಟ್ಟು, ಎರಡು ತಿಂಗಳು ಕೇಳದಿದ್ದರೆ ಕೊಟ್ಟುಬಿಡುವುದು ಒಂದು. ಸಣ್ಣ ಮಗುವಿಗೆ ನಡೆಯುತ್ತದೆ. ನಿಮ್ಮ ಮಗನಿಗೆ ಈ ವರ್ಷ ಖಂಡಿತ ಬೇಡ, ಒಮ್ಮೆ ಸಿಕ್ಕಿಬಿದ್ದರೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತೀರಿ. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು ಎಂಬ ಕಾನೂನು ಇನ್ನೊಂದು. ಕೇಳಲು ಚೆಂದ. ಆದರೆ ಅಪ್ಪ ತಂದ ಉಡುಗೊರೆಗೆ ಮಗು ದಂಡ ಕಟ್ಟಿದ ಹಾಗಾಗುತ್ತದೆ, ಅಥವಾ ನಿಮ್ಮ ಮಗನಂಥವರು ಕೊಡಲೆಂದೇ ಚಾಕಲೇಟ್ ಕಾಗದ ಕೂಡಿಡುತ್ತಾರೆ. ಏಳೆಂಟು ವರ್ಷದ ಮೇಲೆ ಮಾತಾಡಿ ಒಪ್ಪಿಸಬಹುದು. ಇನ್ನು ಎಲ್ಲವನ್ನೂ ಒಂದೇ ದಿನ ಮುಗಿಸಿಬಿಡುವ ದಾರಿ. ನೆಂಟರು ಬರುವ ಮೊದಲು ಅದರ ಆಸೆ ಜೋರಾಗಿರುತ್ತದೆ ಅಂತ ಗೊತ್ತು. ಒಂದು ಕಡೆ ಚಕ್ಕುಲಿ ಹಿಟ್ಟು, ಇನ್ನೊಂದು ಕಡೆ ಮಂಟಪದ ಅಲಂಕಾರ, ನಡುವೆ ಇದು. ಬೇಡ ಮಾರಾಯ್ರೆ, ಜಗಳದಲ್ಲೇ ಮುಗಿಯುತ್ತದೆ.

ಕರಡಿಯ ವಿಷಯ ನನಗೆ ಹೆಚ್ಚು ಚಿಂತೆಯದು. ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಸಂಗಾತಿ ಸಾಮಾನುಗಳ ಬಗ್ಗೆ ಬರೆದರು. ತಾಯಿಯಿಂದ ಸ್ವಲ್ಪ ಸ್ವಲ್ಪವೇ ಬೇರೆಯಾಗುವ ಹೊತ್ತಿಗೆ ಮಗು ಹಿಡಿದುಕೊಳ್ಳುವ ಆಸರೆ ಅದು. ಅದನ್ನು ತೊಳೆದರೂ ಮಗುವಿಗೆ ಏನೋ ತುಂಡಾದ ಹಾಗಾಗುತ್ತದೆ, ಯಾಕೆಂದರೆ ಅದರ ವಾಸನೆಯೂ ಅದರದೇ ಭಾಗ ಅಂತ ಅವರು ಗುರುತಿಸಿದ್ದರು. ಹಾಗಾಗಿ ಕರಡಿಯನ್ನು ಬಿಸಾಡುವ ಮಾತೇ ಸದ್ಯಕ್ಕಿಲ್ಲ. ಆದರೆ ನಮ್ಮ ಕರಾವಳಿಯ ಮಳೆಗಾಲ ವಿನಿಕಾಟ್‌ಗೆ ಗೊತ್ತಿರಲಿಲ್ಲ! ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ಹತ್ತಿಯೋ ಫೈಬರೋ ತುಂಬಿದ ಗೊಂಬೆಯ ಒಳಗೆ ಬೂಸ್ಟು ಬೆಳೆಯುತ್ತದೆ, ಕಣ್ಣಿಗೆ ಕಾಣದ ಧೂಳುಹುಳಗಳೂ ಇಂಥ ತೇವದಲ್ಲೇ ಹೆಚ್ಚುತ್ತವೆ. ಬೆಳಗಿನ ಸೀನಿಗೆ ಎರಡರಲ್ಲಿ ಯಾವುದೂ ಕಾರಣವಾಗಬಹುದು, ಬೇರೆಯದೂ ಆಗಬಹುದು. ಚೌತಿ ಕಳೆಯಲಿ ಅಂತ ಕಾಯದೆ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ಸೀನಿನ ಜೊತೆ ಉಬ್ಬಸ ಬಂದರಂತೂ ಅದೇ ದಿನ.

ಕರಡಿಗೆ ಮಾಡಬೇಕಾದದ್ದು ಇಷ್ಟು. ಲೇಬಲ್ ನೋಡಿ, ಬಿಸಿ ನೀರು ತಡೆಯುವುದಾದರೆ 60 ಡಿಗ್ರಿಯಲ್ಲಿ ತೊಳೆದರೆ ಧೂಳುಹುಳ ಸಾಯುತ್ತದೆ. ತಡೆಯದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಸಾದಾ ನೀರಿನಲ್ಲಿ ತೊಳೆಯಿರಿ. ಫ್ರೀಜರ್ ಹುಳವನ್ನು ಕೊಲ್ಲುತ್ತದೆ, ಸೀನು ತರಿಸುವ ಅದರ ಕಸ ಹೋಗುವುದು ತೊಳೆದಾಗಲೇ. ತೊಳೆಯುವುದನ್ನು ಮಗಳೆದುರೇ ಮಾಡಿ, "ಕರಡಿಗೆ ಸ್ನಾನ" ಅಂತ ಅವಳ ಕೈಯಲ್ಲೂ ಎರಡು ಚೊಂಬು ನೀರು ಹಾಕಿಸಿ. ಫ್ರೀಜರ್‌ಗೆ ಹೋಗುವುದಾದರೆ ಎಲ್ಲಿ ಮಲಗಿದೆ ಅಂತ ತೋರಿಸಿಬಿಡಿ, ಆ ರಾತ್ರಿಗೆ ನಿಮ್ಮ ಹಳೇ ಸೀರೆಯ ತುಂಡು ಕೊಡಿ. ಒಣಗುವುದೇ ದೊಡ್ಡ ಕೆಲಸ. ಹೊರಗೆ ಒಣಗಿದ ಹಾಗೆ ಕಂಡರೂ ಹೊಟ್ಟೆಯೊಳಗೆ ತೇವ ಇರುತ್ತದೆ. ಬೆನ್ನಿನ ಹೊಲಿಗೆ ಬಿಚ್ಚಿ ಒಳಗಿನ ಫೈಬರ್ ತೆಗೆದು ಹೊಸದು ತುಂಬಿ ಹೊಲಿಯುವುದು ನನಗೆ ಕಂಡ ಅತಿ ಒಳ್ಳೆಯ ಉಪಾಯ; ಚರ್ಮ ಹಳೆಯದು, ಹೊಟ್ಟೆ ಹೊಸದು. ಅತ್ತೆಯವರಿಗೆ ಹೊಲಿಗೆ ಬರುವುದಾದರೆ ಅವರಿಗೇ ಒಪ್ಪಿಸಿ. ಉಳಿದ ಮೆತ್ತನೆ ಗೊಂಬೆಗಳಲ್ಲಿ ವಾಸನೆ ಬಂದವನ್ನು ಬಿಸಾಡಲು ನನ್ನ ಒಪ್ಪಿಗೆಯಿದೆ, ಮಗನಿಗೆ ಹೇಳಿ. ಪ್ಲಾಸ್ಟಿಕ್ ಮೇಲಿನ ಬೂಸ್ಟಿಗೆ ವಿನೆಗರ್ ಹಾಕಿ ಒರೆಸಿದರೆ ಸಾಕು. ವಿನೆಗರನ್ನೂ ಬ್ಲೀಚನ್ನೂ ಎಂದೂ ಬೆರೆಸಬೇಡಿ, ಬರುವ ಗಾಳಿ ವಿಷ.

ಮರದ್ದು ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಎಂಬ ಮಾತನ್ನೂ ನಮ್ಮ ಹವೆಯಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಗೊಂಬೆ ಮಳೆಗಾಲ ತಡೆಯುತ್ತದೆ, ಆಗಾಗ ಒಣಬಟ್ಟೆಯಲ್ಲಿ ಒರೆಸಿದರಾಯಿತು. ಬಣ್ಣವಿಲ್ಲದ ಹಸಿ ಮರದ್ದು ಕಪ್ಪಾಗುತ್ತದೆ. ತಗಡಿನ ಕಾರುಗಳ ಅಚ್ಚಿಗೆ ಸಮುದ್ರದ ಉಪ್ಪುಗಾಳಿ ತುಕ್ಕು ಹಿಡಿಸುತ್ತದೆ. ಸೆಲ್ ಹಾಕುವ ಸಾಮಾನನ್ನು ಮೇಲಿಡುವಾಗ ಸೆಲ್ ತೆಗೆದೇ ಇಡಿ. ಬಿಟ್ಟರೆ ಬಿಳಿ ಪುಡಿ ಸೋರಿ ಕಚ್ಚಿಕೊಳ್ಳುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹತ್ತಿಗೆ ಲಿಂಬೆರಸ ಹಾಕಿ ಒರೆಸಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಅಣ್ಣನ ಸಾಮಾನು ತಂಗಿಯ ಬಾಯಿಗೆ ಹೋಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕುವ ಅಳತೆಯನ್ನು ಆಟಿಕೆ ಪರೀಕ್ಷೆಯಲ್ಲಿ ಸುಮಾರು 32 ಮಿಲಿಮೀಟರ್ ಅಗಲದ ಸಿಲಿಂಡರಿನಿಂದ ನೋಡುತ್ತಾರೆ. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಅಂತಿಟ್ಟುಕೊಳ್ಳಿ. ಅದರೊಳಗೆ ಹಿಡಿಸುವ ಯಾವುದೂ ಕೆಳಗಿನ ಹಲಗೆಯಲ್ಲಿ ಬೇಡ. ಮಗನಿಗೆ ಮೇಜಿನ ಮೇಲೊಂದು ಡಬ್ಬ ಕೊಡಿ, ಅದು ದೊಡ್ಡವರ ಡಬ್ಬ ಅಂತ ಅವನಿಗೂ ಹೆಮ್ಮೆ. ಒಡೆದ ಬಲೂನಿನ ಚೂರು ಕೂಡಲೇ ಎತ್ತಿ. ಎಲ್ಲಕ್ಕಿಂತ ಅಪಾಯದ್ದು ಬಟನ್ ಸೆಲ್ ಮತ್ತು ಸಣ್ಣ ಗಟ್ಟಿ ಆಯಸ್ಕಾಂತ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲೇ ಸುಟ್ಟ ಗಾಯ ಮಾಡಬಲ್ಲದು. ಆಯಸ್ಕಾಂತ ಎರಡು ಹೋದರೆ ಕರುಳನ್ನೇ ನಡುವೆ ಹಿಡಿದು ತೂತು ಮಾಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಯಲ್ಲಿದ್ದರೆ ಅದನ್ನು ಇವತ್ತೇ ತೆಗೆಯಿರಿ, ಈ ಒಂದಕ್ಕೆ ಯಾರ ಒಪ್ಪಿಗೆಯೂ ಬೇಡ. ಚನ್ನೆಮಣೆ ಇದ್ದರೆ ಅದರ ಹದಿನಾಲ್ಕು ಗುಳಿಯಲ್ಲಿ ಏನಿದೆ ನೋಡಿ. ಹುಣಸೆಬೀಜ, ಕವಡೆ ಇದ್ದರೆ ಮಗಳ ಕೈಗೆ ಸಿಗದ ಹಾಗಿಡಿ. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಇದ್ದರೆ ಮನೆಯಿಂದಲೇ ಹೊರಗೆ ಹಾಕಿ, ಅಗಿದು ನುಂಗಿದರೆ ಅದು ಘೋರ ವಿಷ.

ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ನಮ್ಮ ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ಸಾಲು ಅಂಗಡಿಗಳ ಮುಂದೆ ಮಗುವನ್ನು ಗುರುತು ಹುಡುಕುತ್ತ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಒಂದು ಪೀಪಿ, ಒಂದು ಗಿರಗಿಟ್ಲೆ ಬರಲಿ, ಜಾತ್ರೆಯಲ್ಲವೇ? ಸಣ್ಣವಳ ಬಾಯಿಗೆ ಹೋಗದ ಹಾಗೆ ನೋಡಿಕೊಂಡರಾಯಿತು.

ಇನ್ನು ಶನಿವಾರ. ಕೆಳಗಿನಿಂದ ಎಷ್ಟು ಎತ್ತಿದರೂ ಬಾಗಿಲಿನಿಂದ ವಾರಕ್ಕೊಂದು ಒಳಗೆ ಬರುತ್ತಿದ್ದರೆ ವರ್ಷಕ್ಕೆ ಐವತ್ತು. ಆದರೆ ಯಜಮಾನರನ್ನು ಬೈದು ಪ್ರಯೋಜನವಿಲ್ಲ. ಐದು ದಿನ ಮಕ್ಕಳನ್ನು ನೋಡದ ಮನುಷ್ಯ ಖಾಲಿ ಕೈಯಲ್ಲಿ ಹೇಗೆ ಬಂದಾರು? ಒಂದು ಗಮನಿಸಿ ನೋಡಿ: ಅವರು ಬಾಗಿಲಲ್ಲಿ ನಿಂತಾಗ ಮಗ ಮೊದಲು ಮುಖ ನೋಡುತ್ತಾನೋ, ಕೈ ನೋಡುತ್ತಾನೋ? ಕೈ ನೋಡುತ್ತಾನೆ ಎಂದಾದರೆ ಅದನ್ನು ಅವರಿಗೇ ಕಾಣಿಸಿ, ನೀವು ಹೇಳುವುದು ಬೇಡ. ಒಮ್ಮೆಗೇ ನಿಲ್ಲಿಸಿದರೆ ಮಗನಿಗೆ ಅಪ್ಪನೇ ಕಡಿಮೆಯಾದ ಹಾಗೆ ಅನ್ನಿಸಬಹುದು. ಬದಲಿಗೆ ತರುವುದನ್ನೇ ಬದಲಾಯಿಸಿ: ತಿಂದು ಮುಗಿಯುವಂಥದ್ದು, ಬಣ್ಣದ ಪೆನ್ಸಿಲ್, ಬಿಡಿಸಿ ಮುಗಿಯುವ ಪುಸ್ತಕ, ಒಂದು ಗಮ್‌ಟೇಪು. ಒಂದು ವಾರ ಬರಿಗೈಯಲ್ಲಿ ಬಂದು ಮರುದಿನ ಬೆಳಿಗ್ಗೆ ಬೀಚಿಗೆ ಕರೆದುಕೊಂಡು ಹೋಗಲಿ. ಕಪ್ಪೆಚಿಪ್ಪು ಒಂದು ಚೀಲ ಮನೆಗೆ ಬರುತ್ತದೆ, ಅದು ಇನ್ನೊಂದು ರಾಶಿ, ನಿಜ. ಆದರೆ ಅದನ್ನು ವಾಪಸು ಸಮುದ್ರಕ್ಕೆ ಹಾಕಲು ಮಕ್ಕಳು ಅಷ್ಟು ಅಳುವುದಿಲ್ಲ.

ಅತ್ತೆಯವರ "ಬೇಕಾಗ್ತದೆ"ಗೆ ನಾನು ಅವರ ಪಕ್ಷ. ತೆಂಗಿನ ಗರಿಯ ಪೀಪಿ ಊದಿ ಬೆಳೆದವರಿಗೆ ಚಕ್ರವಿರುವ ಗಾಡಿಯನ್ನು ಕಸಕ್ಕೆ ಹಾಕುವುದು ಅನ್ನ ಚೆಲ್ಲಿದ ಹಾಗೆ. ಅವರಿಗೊಂದು ಟ್ರಂಕು ಬಿಟ್ಟುಕೊಡಿ; ಅದರಲ್ಲಿ ಏನಿಡಬೇಕು ಎಂಬುದು ಅವರದೇ ತೀರ್ಮಾನ, ತುಂಬಿದ ಮೇಲೆ ಮುಚ್ಚಳ ಹಾಕಬೇಕು ಅನ್ನುವುದೊಂದೇ ಕರಾರು. ಆ ಚೀಲ ಹೋಗುವಾಗ ಅವರನ್ನೂ ಕೇಳಿರಲಿಲ್ಲ ಅಲ್ಲವೇ?

ಚೌತಿಗೆ ಬರುವ ನೆಂಟರಿಗೆ ಮೊದಲೇ ಫೋನಿನಲ್ಲಿ "ಆಟಿಕೆ ಬೇಡ, ಇಬ್ಬರಿಗೂ ಒಂದೊಂದು ಚಪ್ಪಲಿ ತನ್ನಿ" ಅಂತ ಅಳತೆ ಸಮೇತ ಹೇಳಿಬಿಡಿ. ನಮ್ಮ ಕಡೆ ಇದರಲ್ಲಿ ಸಂಕೋಚ ಜಾಸ್ತಿ. ಅತ್ತೆಯವರ ಬಾಯಲ್ಲಿ ಹೇಳಿಸಿದರೆ ಯಾರಿಗೂ ಬೇಸರವಾಗುವುದಿಲ್ಲ.

ಹಬ್ಬ ಕಳೆದು, ಮಳೆ ನಿಂತು, ಅಕ್ಟೋಬರ್‌ನ ಬಿಸಿಲು ಬಿದ್ದ ಮೇಲೆ ಮೇಲಿನ ಡಬ್ಬ ಇಳಿಸಿ ಅಂಗಳದಲ್ಲಿ ಒಣಗಿಸುವಾಗ ಕೊಡುವ ಮಾತೆತ್ತಿ. ಅಂಗನವಾಡಿಗೆ, ಗ್ರಾಮ ಪಂಚಾಯಿತಿಯ ಕೂಸಿನ ಮನೆಗೆ ಮೊದಲು ಹೋಗಿ ಕೇಳಿ, ಅವರಿಗೆ ಏನು ಬೇಕು ಅಂತ. ತುಂಡಾಗದ, ತೊಳೆದ, ದೊಡ್ಡ ತುಂಡುಗಳ ಸಾಮಾನು ಮಾತ್ರ ಒಯ್ಯಿರಿ. ನನ್ನ ಬಾಲವಾಡಿಗೆ ಜನ ತಂದು ಸುರಿದ ಕೈಯಿಲ್ಲದ ಗೊಂಬೆ, ಅರ್ಧ ಪಝಲ್‌ಗಳನ್ನು ಕೊನೆಗೆ ಕಸಕ್ಕೆ ಹಾಕುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನೇ ಕೊಡಲಿ. ಬಾಗಿಲವರೆಗೆ ಹೋಗಿ ಒಂದನ್ನು ವಾಪಸು ಹಿಡಿದುಕೊಂಡರೆ ಹಿಡಿದುಕೊಳ್ಳಲಿ.

ಕೊನೆಗೆ ಸೇತುವೆ. ಬಿಚ್ಚಿಸಬೇಡಿ. ಬೀಳಿಸುವವನು ಅವನೇ, ಮತ್ತೆ ಕಟ್ಟುವವನೂ ಅವನೇ. ಆ ಆಟ ಅವನಲ್ಲಿ ಇನ್ನೂ ಮುಗಿದಿಲ್ಲ. ಹಳೇ ಪ್ಲೈವುಡ್ ತುಂಡೊಂದನ್ನು, ಎರಡು ಕೈ ಉದ್ದ, ಒಂದೂವರೆ ಕೈ ಅಗಲ, ಅಂಚು ಉಜ್ಜಿ ನುಣುಪು ಮಾಡಿ ಕೊಡಿ. ಸೇತುವೆ ಅದರ ಮೇಲೆಯೇ ಎದ್ದೇಳಲಿ. ರಾತ್ರಿ ಹಲಗೆ ಸಮೇತ ಮಂಚದ ಕೆಳಗೆ ಮೆಲ್ಲಗೆ ತಳ್ಳಿ, ಬೆಳಿಗ್ಗೆ ಎಳೆದುಕೊಳ್ಳಲಿ. ಲಾರಿ ಎತ್ತಲು ಈಗ ಏನು ಉಪಯೋಗಿಸುತ್ತಿದ್ದಾನೆ ಅಂತ ಒಮ್ಮೆ ನೋಡಿ ನನಗೆ ಬರೆಯಿರಿ.